ಅಪ್ಪ ಒತ್ತಲಾರದೆ ಹೋದ ಬಟನ್

(ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದ್ದೇನೆ.)

ವೀಣಾಗೆ 31 ವರ್ಷ, ಬೆಂಗಳೂರಿನಲ್ಲಿ ಆ್ಯಪ್ ಡಿಸೈನರ್. ನಿದ್ದೆ ಬರುವುದಿಲ್ಲ ಎಂದು ನನ್ನ ಬಳಿ ಆಪ್ತಸಮಾಲೋಚನೆಗೆ ಬಂದರು. ಎರಡು ಭೇಟಿ ಇಎಂಐ, ಟ್ರಾಫಿಕ್ಕು, ಮ್ಯಾನೇಜರ್ ಎನ್ನುವುದರಲ್ಲೇ ಕಳೆಯಿತು. ಮೂರನೆಯ ಸಲ ಊರಿನ ಮಾತು ತೆಗೆದರು.

ನಿವೃತ್ತ ಮೇಷ್ಟ್ರಾದ ಅಪ್ಪನ ಖಾತೆಯಿಂದ ಎಂಟು ತಿಂಗಳು 299 ರೂಪಾಯಿಯಂತೆ ದುಡ್ಡು ಹೋಗಿದೆ. ಯಾವುದೋ ಆರೋಗ್ಯದ ಆ್ಯಪ್‌ನ ಉಚಿತ ಟ್ರಯಲ್ ಮುಗಿದು ತಾನಾಗಿ ಚಂದಾ ಆಗಿದೆ. ನಿಲ್ಲಿಸಲು ಹೋದಾಗಲೆಲ್ಲ ‘ಬೇಡ, ನನಗೆ ನನ್ನ ಆರೋಗ್ಯದ ಕಾಳಜಿ ಇಲ್ಲ’ ಎಂಬ ಬಟನ್. ಅದನ್ನು ಒತ್ತಲು ಮನಸ್ಸು ಬಾರದೆ ಮೇಷ್ಟ್ರು ವಾಪಸ್. “ವಯಸ್ಸಾಯ್ತು ಮಗಳೇ, ತಲೆಗೆ ಹತ್ತಲ್ಲ” ಅಂದರಂತೆ.

“ಅದು ನಮ್ಮ ಆ್ಯಪ್ ಅಲ್ಲ ಮೇಡಂ. ಆದರೆ ಅಂಥದ್ದೇ ಸಾಲು ನಾನೂ ಬರೆದಿದ್ದೀನಿ. ಬೋನಸ್ ಬಂತು. ಆ ದುಡ್ಡಲ್ಲೇ ಅಪ್ಪನಿಗೆ ಫೋನ್ ಕೊಡಿಸಿದ್ದು.”

ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸುವುದು ನನಗೆ ಸುಲಭವಿತ್ತು. ಕಾರಣವಿಲ್ಲದೆ ಕಾಡುವ ಪಾಪಪ್ರಜ್ಞೆ ಬೇರೆ, ಮಾಡಿದ್ದು ಚುಚ್ಚುವುದು ಬೇರೆ. ಇದು ಎರಡನೆಯದು. ‘ಎಲ್ಲರೂ ಮಾಡ್ತಾರೆ ಬಿಡು’ ಎಂದು ಅವರ ಗಂಡ ಆಗಲೇ ಹೇಳಿ ಸೋತಿದ್ದರು.

ಮೊದಲು ಅಪ್ಪನಿಗೆ ನಿಜ ಹೇಳಿ ಎಂದೆ: ತಪ್ಪು ವಯಸ್ಸಿನದಲ್ಲ, ಬಟನ್ನಿನದು. ಯುಪಿಐನಲ್ಲಿ ಆಟೋಪೇ ಕೊಟ್ಟಿದ್ದರೆ ಅಲ್ಲಿಯೇ ರದ್ದು ಮಾಡಿಸಿ, 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡಿಸಿ. ರಾಜೀನಾಮೆಯ ಮಾತು ಸದ್ಯಕ್ಕೆ ಬೇಡ. ಸಾಲವಿದೆ, ಮೇಲಾಗಿ ನೀವು ಎದ್ದು ಹೋದರೆ ಆ ಸಾಲು ಅಲ್ಲೇ ಇರುತ್ತದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ 13 ಬಗೆಯ ‘ಡಾರ್ಕ್ ಪ್ಯಾಟರ್ನ್’ಗಳನ್ನು (ಬಳಸುವವರನ್ನು ಯಾಮಾರಿಸುವ ವಿನ್ಯಾಸಗಳನ್ನು) ಹೆಸರಿಸಿ ನಿಷೇಧಿಸಿದೆ. ನಾಚಿಸಿ ಒಪ್ಪಿಸುವುದೂ, ಚಂದಾ ನಿಲ್ಲಿಸುವ ದಾರಿ ಮುಚ್ಚಿಡುವುದೂ ಆ ಪಟ್ಟಿಯಲ್ಲಿವೆ. ಮನಸ್ಸಾಕ್ಷಿ ಎಂದರೆ ಮೀಟಿಂಗ್‌ನಲ್ಲಿ ನಗಬಹುದು, ನಿಯಮ ಎಂದರೆ ಕೇಳುತ್ತಾರೆ. (ಬೇಸರದ ಮಾತು, ಆದರೂ ಉಪಯೋಗಕ್ಕೆ ಬರುತ್ತದೆ.) ಹೇಳಿದ್ದನ್ನು ಮೇಲ್‌ನಲ್ಲೂ ಬರೆದಿಡಿ.

ಆರು ವಾರದ ಮೇಲೆ ಬಂದರು. ಅಪ್ಪ ಕೇಳಿ ನಕ್ಕರಂತೆ, ಆಮೇಲೆ ಎರಡು ದಿನ ಫೋನ್ ಮಾಡಲಿಲ್ಲವಂತೆ. ಕಂಪನಿಯಲ್ಲಿ ಆ ಸಾಲು ಹೋಗಿದೆ. ರದ್ದು ಮಾಡುವ ಬಟನ್ ಮಾತ್ರ ಇನ್ನೂ ಐದು ಪುಟದಾಚೆ. ಯುಗಾದಿವರೆಗೆ ನೋಡುತ್ತೇನೆ, ಅಷ್ಟರಲ್ಲಿ ಬೇರೆ ಕಡೆ ಅರ್ಜಿ ಹಾಕುತ್ತಿರುತ್ತೇನೆ ಎಂದರು. ವಾರದಲ್ಲಿ ನಾಲ್ಕು ರಾತ್ರಿ ನಿದ್ದೆ ಬರುತ್ತಿದೆ.