ಕಾನ್ಸ್ಟ್ ಹಾಕಿದರೂ ರ‍್ಯಾಮ್ ಯಾಕೆ ತುಂಬುತ್ತದೆ?

ಪ್ರಶ್ನೆ: ಆರ್ಡುಯಿನೊ ಉನೊ ಬೋರ್ಡಿಗೆ ಥರ್ಮಿಸ್ಟರ್ (ಬಿಸಿಗೆ ತಕ್ಕಂತೆ ರೆಸಿಸ್ಟೆನ್ಸ್ ಬದಲಾಗುವ ಸೆನ್ಸರ್) ಹಾಕಿ ತಾಪಮಾನ ಓದುತ್ತಿದ್ದೇನೆ. ಪ್ರತಿ ಸಲ ಲಾಗರಿದಮ್ ಲೆಕ್ಕ ಬೇಡ ಅಂತ ಎಡಿಸಿಯ (ವೋಲ್ಟೇಜನ್ನು ಸಂಖ್ಯೆಯಾಗಿಸುವ ಭಾಗ) 1024 ರೀಡಿಂಗ್‌ಗೂ ಒಂದೊಂದು ಇಂಟ್ (ಎರಡು ಬೈಟ್‌ನ ಪೂರ್ಣಾಂಕ) ಇಟ್ಟು ಟೇಬಲ್ ಮಾಡಿದೆ. ಮೆಮೊರಿ ಸಾಲದು ಅಂತ ಎರರ್ ಬರುತ್ತಿದೆ. ಕಾನ್ಸ್ಟ್ ಹಾಕಿದ್ದೇನೆ, ಫ್ಲ್ಯಾಶ್ (ಪ್ರೋಗ್ರಾಂ ಇರುವ ಮೆಮೊರಿ) ಬೇಕಾದಷ್ಟು ಖಾಲಿ ಇದೆ. ಟೇಬಲ್ಲನ್ನು ಇಇಪ್ರಾಮ್‌ನಲ್ಲಿ (ಕರೆಂಟ್ ಹೋದರೂ ಅಳಿಯದ ಚಿಕ್ಕ ಮೆಮೊರಿ) ಇಡಬಹುದಾ?

ಉತ್ತರ: ಇಇಪ್ರಾಮ್ ಬೇಡ. ಉನೊದ ಎಟಿಮೆಗಾ 328ಪಿ ಚಿಪ್‌ನಲ್ಲಿ ಅದು ಇರುವುದೇ 1 ಕೆಬಿ, ನಿಮ್ಮ ಟೇಬಲ್ 2048 ಬೈಟ್. ರ‍್ಯಾಮ್ ಕೂಡ ಸರಿಯಾಗಿ 2048 ಬೈಟ್, ಅಂದರೆ ಟೇಬಲ್ ಒಂದೇ ಅಷ್ಟನ್ನೂ ನುಂಗುತ್ತದೆ.

ಕಾನ್ಸ್ಟ್ ಅಂದರೆ ಈ ಬೆಲೆಯನ್ನು ಬದಲಿಸುವುದಿಲ್ಲ ಅಂತ ಅಷ್ಟೇ, ಎಲ್ಲಿ ಇಡಬೇಕು ಅಂತ ಅಲ್ಲ. ಈ ಚಿಪ್‌ನಲ್ಲಿ ಫ್ಲ್ಯಾಶ್‌ಗೂ ರ‍್ಯಾಮ್‌ಗೂ ವಿಳಾಸಗಳು ಬೇರೆ ಬೇರೆ, ಓದುವ ಇನ್‌ಸ್ಟ್ರಕ್ಷನ್ನೂ ಬೇರೆ. ಹಾಗಾಗಿ ಚಿಪ್ ಶುರುವಾಗುವಾಗಲೇ ಟೇಬಲ್ ಪೂರ್ತಿ ರ‍್ಯಾಮ್‌ಗೆ ಕಾಪಿ ಆಗುತ್ತದೆ. ಅದನ್ನು ತಡೆಯಲು ಟೇಬಲ್ಲನ್ನು ಗ್ಲೋಬಲ್ ಅಥವಾ ಸ್ಟ್ಯಾಟಿಕ್ ಆಗಿ ಬರೆದು, ಕಾನ್ಸ್ಟ್ ಜೊತೆಗೆ ಪ್ರೋಗ್‌ಮೆಮ್ (PROGMEM, ಫ್ಲ್ಯಾಶ್‌ನಲ್ಲೇ ಇಡು ಅನ್ನುವ ಗುರುತು) ಸೇರಿಸಿ. ಓದುವಾಗ ಫ್ಲ್ಯಾಶ್‌ನಿಂದ ಎರಡು ಬೈಟ್ ಓದುವ ಪಿಜಿಎಂ ರೀಡ್ ವರ್ಡ್ (pgm_read_word) ಬಳಸಲೇಬೇಕು. ಎಷ್ಟೋ ಜನ ಎಡವುವುದು ಇಲ್ಲೇ: ಮಾಮೂಲಿ ಚೌಕ ಬ್ರಾಕೆಟ್‌ನಲ್ಲಿ ಓದಿದರೆ ಕಂಪೈಲರ್ ತಕರಾರು ಮಾಡದೇ ಬಿಡುತ್ತದೆ, ಆದರೆ ರ‍್ಯಾಮ್‌ನಲ್ಲಿ ಅದೇ ವಿಳಾಸದಲ್ಲಿ ಏನಿದೆಯೋ ಅದು ಬರುತ್ತದೆ, ಸೆನ್ಸರ್ ಕೆಟ್ಟಿದೆ ಅಂತ ನೀವು ವೈರ್ ಕಿತ್ತು ಹುಡುಕುತ್ತಾ ಕೂರುತ್ತೀರಿ.

ಇಷ್ಟಕ್ಕೇ ಎರರ್ ಹೋಗುತ್ತದೆ. ಆದರೆ ನಿಜ ಹೇಳಬೇಕೆಂದರೆ 1024 ಬೆಲೆಗಳೇ ಬೇಕಿಲ್ಲ. ಪ್ರತಿ 32ನೇ ರೀಡಿಂಗ್‌ಗೆ ಒಂದು ಸಾಕು, 0ಯಿಂದ 1024ರ ತನಕ 33 ಬೆಲೆ, 66 ಬೈಟ್. ನಡುವಿನದ್ದನ್ನು ಲೆಕ್ಕ ಹಾಕಿ. ತಾಪಮಾನವನ್ನು ಹತ್ತರಿಂದ ಗುಣಿಸಿ ಇಂಟ್ ಆಗಿ ಇಟ್ಟುಕೊಂಡರೆ 25.0 ಡಿಗ್ರಿ ಅಂದರೆ 250, ಫ್ಲೋಟ್ (ದಶಮಾಂಶ ಸಂಖ್ಯೆ) ಗೊಡವೆಯೇ ಇಲ್ಲ.

ರೀಡಿಂಗ್ 519 ಬಂತು ಅಂದುಕೊಳ್ಳಿ. ಐದು ಬಿಟ್ ಬಲಕ್ಕೆ ಸರಿಸಿದರೆ, ಅಂದರೆ 32ರಿಂದ ಭಾಗಿಸಿದರೆ, 16, ಉಳಿಯುವುದು 7. ಟೇಬಲ್‌ನ 16ನೇ ಜಾಗದಲ್ಲಿ 250, 17ರಲ್ಲಿ 278 ಇದ್ದರೆ ವ್ಯತ್ಯಾಸ 28. 28 ಗುಣಿಸು 7, 196. ಅದನ್ನು ಐದು ಬಿಟ್ ಸರಿಸಿದರೆ 6. ಉತ್ತರ 256, ಅಂದರೆ 25.6 ಡಿಗ್ರಿ. ಮೊದಲು ಗುಣಿಸಿ, ಆಮೇಲೆ ಸರಿಸಿ. ಉಲ್ಟಾ ಮಾಡಿದರೆ 7 ಅಲ್ಲೇ ಸೊನ್ನೆಯಾಗುತ್ತದೆ.

ಥರ್ಮಿಸ್ಟರ್ ಗೆರೆ ನಡುವೆ ಹೆಚ್ಚು ಕಡಿಮೆ ನೇರ, ಎರಡು ತುದಿಗಳಲ್ಲಿ ಜೋರಾಗಿ ಬಾಗುತ್ತದೆ. ನಿಮಗೆ ಆ ತುದಿಗಳೂ ಬೇಕಿದ್ದರೆ ಅಲ್ಲಿ ಮಾತ್ರ ಬೆಲೆಗಳನ್ನು ಹತ್ತಿರ ಹತ್ತಿರ ಇಡಿ, ಬೇಡವಾದರೆ ಒಂದು ಮಿತಿಗೆ ನಿಲ್ಲಿಸಿ. ಸುಮ್ನೆ ಅಂದಾಜಿನ ಮೇಲೆ ಬಿಡಬೇಡಿ: ಕಂಪ್ಯೂಟರ್‌ನಲ್ಲಿ 1024 ರೀಡಿಂಗ್‌ಗೂ ಸೂತ್ರದ ಉತ್ತರ, ಟೇಬಲ್ ಉತ್ತರ ಎರಡನ್ನೂ ಹೋಲಿಸಿ, ಎಲ್ಲಿ ವ್ಯತ್ಯಾಸ ಅತಿ ಜಾಸ್ತಿ ಅಂತ ನೋಡಿ. ಅದು ನಿಮ್ಮ ಥರ್ಮಿಸ್ಟರ್‌ನ ಟಾಲರೆನ್ಸ್‌ಗಿಂತ, ಅಂದರೆ ಅದಕ್ಕೇ ಇರುವ ತಪ್ಪಿನ ಮಿತಿಗಿಂತ, ಕಡಿಮೆ ಇದ್ದರೆ ಟೇಬಲ್ ದೊಡ್ಡದು ಮಾಡಿ ಏನೂ ಸಿಗುವುದಿಲ್ಲ.

ಇಇಪ್ರಾಮ್‌ನಲ್ಲಿ ಆ ಒಂದು ಬೋರ್ಡಿಗಷ್ಟೇ ಸಂಬಂಧಿಸಿದ ತಿದ್ದುಪಡಿ ಬೆಲೆಗಳನ್ನು ಇಡಿ. ಮುಂದೆ ಎಸ್‌ಟಿಎಂ32 ತರಹದ ಎಆರ್‌ಎಂ ಚಿಪ್‌ಗೆ ಹೋದರೆ ಪ್ರೋಗ್‌ಮೆಮ್ ಬೇಕಾಗುವುದಿಲ್ಲ, ಅಲ್ಲಿ ಬರೀ ಸ್ಟ್ಯಾಟಿಕ್ ಕಾನ್ಸ್ಟ್ ಸಾಕು.