ಮೂರನೇ ಸಲ ಉರಿಮೂತ್ರ, ಅದೇ ಗುಳಿಗೆ ಮತ್ತೆ ಕೊಡಬಹುದಾ? – ಪ್ರತಿಕ್ರಿಯೆ

ಡೊಂಬಿವ್ಲಿಯ ಮೆಡಿಕಲ್‌ನವರು ಡಾಕ್ಟರ ಚೀಟಿ ಇಲ್ಲದೆ ಕೊಟ್ಟ ಸೆಫಿಕ್ಸಿಮ್ (ಆಂಟಿಬಯಾಟಿಕ್ ಗುಳಿಗೆ) ಮೂರನೇ ಸಲದ ಈ ಉರಿಮೂತ್ರಕ್ಕೆ ನಿಮ್ಮ ಅಮ್ಮನಿಗೆ ಹತ್ತುತ್ತಿಲ್ಲ, ಮತ್ತೆ ಕೊಡಬಹುದಾ ಅಂತ ಕೇಳಿದ್ದೀರಿ. ಹತ್ತುತ್ತಿಲ್ಲ ಅಂದರೆ, ಹೆಚ್ಚಾಗಿ ರೋಗಾಣು ಆ ಔಷಧಕ್ಕೆ ಜಗ್ಗದಂತಾಗಿದೆ. ನಮ್ಮ ಅತ್ತೆಗೂ ಹೀಗೇ ಆಗಿತ್ತು. ಕಿಡ್ನಿ ಕಲ್ಲು ಅಥವಾ ಸಕ್ಕರೆ ಕಾಯಿಲೆಯೂ ಕಾರಣ ಇರಬಹುದು, ಅದನ್ನೂ ನೋಡಿಸಿ.

ಮತ್ತೆ ಅದೇ ಗುಳಿಗೆ ಬೇಡ. ಹೊಸದು ಶುರು ಮಾಡುವ ಮೊದಲೇ ಯೂರಿನ್ ಕಲ್ಚರ್ (ಮೂತ್ರದಲ್ಲಿರುವ ರೋಗಾಣುವನ್ನು ಬೆಳೆಸಿ, ಅದಕ್ಕೆ ಯಾವ ಔಷಧ ನಾಟುತ್ತದೆ ಅಂತ ನೋಡುವ ಪರೀಕ್ಷೆ) ಮಾಡಿಸಿ, ಬರೀ ರೂಟೀನ್ ಟೆಸ್ಟ್ ಸಾಲದು. ಲ್ಯಾಬಿನ ಡಬ್ಬಿಯನ್ನೇ ತನ್ನಿ, ಅಮ್ಮ ಮೂತ್ರದ ಜಾಗ ತೊಳೆದುಕೊಂಡು ಮೊದಲ ಧಾರೆ ಬಿಟ್ಟು ನಡುವಿನದ್ದನ್ನು ಹಿಡಿಯಲಿ, ಒಂದೆರಡು ಗಂಟೆಯೊಳಗೆ ಮುಟ್ಟಿಸಬೇಕು, ಹಾಗಾಗಿ ಲೋಕಲ್ ರೈಲು ಹಿಡಿದು ದೂರ ಹೋಗುವುದಕ್ಕಿಂತ ಹತ್ತಿರದ ಲ್ಯಾಬೇ ಒಳ್ಳೆಯದು. ವರದಿಗೆ 2-3 ದಿನ ಬೇಕು. ಅದರಲ್ಲಿ ಔಷಧದ ಹೆಸರಿನ ಮುಂದೆ ‘ಎಸ್’ ಅಂದರೆ ಆ ಔಷಧ ನಾಟುತ್ತದೆ, ‘ಆರ್’ ಅಂದರೆ ಇಲ್ಲ. ಆಯ್ಕೆ ಮಾತ್ರ ಡಾಕ್ಟರೇ ಮಾಡಲಿ, ಕಿಡ್ನಿ ಹೇಗಿದೆ ಅಂತಲೂ ನೋಡಬೇಕಲ್ವಾ.

ಸೆಫಿಕ್ಸಿಮ್ ಶೆಡ್ಯೂಲ್ ಎಚ್1 ಔಷಧ, ಅಂದರೆ ಚೀಟಿ ಇಲ್ಲದೆ ಮಾರಬಾರದ ಔಷಧಗಳ ಸರ್ಕಾರಿ ಪಟ್ಟಿಯಲ್ಲಿದೆ. 2014ರಿಂದ ಚೀಟಿ ನೋಡಿ, ಡಾಕ್ಟರ್ ಮತ್ತು ರೋಗಿಯ ಹೆಸರನ್ನು ರಿಜಿಸ್ಟರಿನಲ್ಲಿ ಬರೆದೇ ಕೊಡಬೇಕು. ರೋಗಾಣುಗಳು ಹೀಗೆ ಔಷಧಕ್ಕೆ ಜಗ್ಗದಂತಾಗುವುದನ್ನು ತಡೆಯಲೆಂದೇ 2017ರಲ್ಲಿ ರಾಷ್ಟ್ರೀಯ ಕ್ರಿಯಾ ಯೋಜನೆಯೂ ಬಂತು. ಆದರೂ ಗಲ್ಲಿಯ ಅಂಗಡಿಯಲ್ಲಿ ಸುಮ್ನೆ ಕೊಡುತ್ತಾರೆ, ನನಗೆ ಅದೇ ಸಂಕಟ.

ಚಳಿಜ್ವರ, ಬೆನ್ನುನೋವು, ವಾಂತಿ ಇದ್ದರೆ ವರದಿಗೆ ಕಾಯಬೇಡಿ, ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.