ಡೊಂಕಾಗಿರುವುದು ಕಿಟಕಿ ಸರಳೋ, ನೋಟವೋ?

ಪ್ರಶ್ನೆ: ಅಮ್ಮನಿಗೆ 68 ವರ್ಷ. ಬಲಗಣ್ಣಿನ ಮ್ಯಾಕ್ಯುಲಾ (ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದ ನಡುಭಾಗ) ಸವೆದಿದೆ, ಸದ್ಯಕ್ಕೆ ಒಣ ಬಗೆಯದು, ಅಂದರೆ ಸೋರಿಕೆ ಇಲ್ಲದ್ದು ಎಂದು ಹೇಳಿ ವೈದ್ಯರು ಚೌಕುಳಿ ಹಾಳೆ ಕೊಟ್ಟಿದ್ದಾರೆ. ಅದನ್ನು ನೋಡಿ ದಿನವೂ ‘ಎಲ್ಲ ಸರಿಯಾಗಿದೆ’ ಅನ್ನುತ್ತಾರೆ. ಈಚೆಗೆ ಕಿಟಕಿ ಸರಳು ಮಾತ್ರ ಬಳುಕಿದಂತೆ ಕಾಣುತ್ತದಂತೆ. ಯಾವುದನ್ನು ನಂಬಲಿ?
– ಓದುಗರು, ಹಾಸನ

ಉತ್ತರ: ಸರಳನ್ನೇ ನಂಬಿ, ಈ ವಾರವೇ ಕಣ್ಣಿನ ವೈದ್ಯರಿಗೆ ತೋರಿಸಿ. ಹೊಸದಾಗಿ ಡೊಂಕು ಕಂಡರೆ ರೆಟಿನಾದಡಿ ರಕ್ತನಾಳ ಸೋರುತ್ತಿರಬಹುದು. ಅದಕ್ಕೆ ಇಂಜೆಕ್ಷನ್ ಇದೆ, ತಡವಾದಷ್ಟೂ ನಷ್ಟ.

ಹಾಳೆ ಸುಳ್ಳು ಹೇಳಲು ಸಾಮಾನ್ಯ ಕಾರಣ, ಎರಡೂ ಕಣ್ಣು ತೆರೆದು ನೋಡುವುದು. ಚೆನ್ನಾಗಿರುವ ಎಡಗಣ್ಣು ಬಲಗಣ್ಣಿನ ದೋಷವನ್ನು ಮರೆಸಿಬಿಡುತ್ತದೆ. ಅಂಗೈಯನ್ನು ಬಟ್ಟಲಿನಂತೆ ಮಾಡಿ ಎಡಗಣ್ಣು ಮುಚ್ಚಲಿ, ಗುಡ್ಡೆ ಒತ್ತಬಾರದು. ಓದುವ ಕನ್ನಡಕ ಹಾಕಿರಲಿ. ಹಾಳೆ 30 ಸೆಂ.ಮೀ. ದೂರದಲ್ಲಿರಲಿ. ಸ್ವಿಟ್ಜರ್ಲೆಂಡಿನ ನೇತ್ರವೈದ್ಯ ಮಾರ್ಕ್ ಆಮ್ಸ್ಲರ್ ರೂಪಿಸಿದ ಈ 10 ಸೆಂ.ಮೀ. ಚೌಕದೊಳಗೆ 5 ಮಿ.ಮೀ.ನ 400 ಮನೆಗಳಿವೆ. ಆ ದೂರದಲ್ಲಿ ಒಂದು ಮನೆ ನೋಟದ ಸುಮಾರು 1 ಡಿಗ್ರಿಗೆ ಸಮ. ನಿಮ್ಮದು ಜೆರಾಕ್ಸ್ ಪ್ರತಿಯಾದರೆ ಸ್ಕೇಲ್ ಇಟ್ಟು ಅಳೆದುಬಿಡಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರವನ್ನು ಫೋನಿನಲ್ಲೇ ನೋಡಿದರೆ ಈ ಲೆಕ್ಕ ಕೂಡುವುದಿಲ್ಲ.

ನೋಟ ನಡುವಿನ ಚುಕ್ಕೆಯಿಂದ ಕದಲಬಾರದು. ‘ಸರಿಯಾಗಿದೆಯಾ ಅಮ್ಮ?’ ಎಂದು ಕೇಳಿದರೆ ‘ಹೂಂ’ ಎಂದೇ ಉತ್ತರ ಬರುತ್ತದೆ. ‘ಚುಕ್ಕೆ ಕಾಣುತ್ತಾ? ನಾಲ್ಕೂ ಮೂಲೆ ಕಾಣುತ್ತಾ? ಯಾವ ಗೆರೆ ಬಳುಕಿದೆ, ಎಲ್ಲಿ ಅಳಿಸಿದೆ?’ ಎಂದು ಒಂದೊಂದಾಗಿ ಕೇಳಿ. ಹೇಳಿದ್ದನ್ನು ಇನ್ನೊಂದು ಪ್ರತಿಯಲ್ಲಿ ಪೆನ್ಸಿಲ್ಲಿನಿಂದ ಗುರುತಿಸಿ, ಯಾವ ಕಣ್ಣು, ಯಾವ ದಿನ ಎಂದು ಬರೆದಿಡಿ.

ಇಷ್ಟೆಲ್ಲ ಮಾಡಿದರೂ ಹಾಳೆಯನ್ನೇ ಪೂರ್ತಿ ನಂಬುವಂತಿಲ್ಲ. ಕಡಿದುಹೋದ ಗೆರೆಯನ್ನು ಮಿದುಳು ತಾನೇ ಜೋಡಿಸಿಕೊಳ್ಳುತ್ತದೆ. ಒಳಗೆ ನಿಜಕ್ಕೂ ನೀರು ತುಂಬಿದೆಯೇ ಎಂಬುದು ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನಿನಲ್ಲೇ ಗೊತ್ತಾಗಬೇಕು.

ಪ್ರಶ್ನೆ: ನನ್ನ ರೆಟಿನಾ ಮೇಲೆ ತೆಳು ಪೊರೆ ಬೆಳೆದಿದೆ. ಚುಕ್ಕೆ ಗೆರೆ ತೋರಿಸಿ ‘ಲಂಬ 0.3, ಅಡ್ಡ 0.7’ ಎಂದು ಬರೆದಿದ್ದಾರೆ. ದೃಷ್ಟಿ ಶೇ 70 ಇದೆ ಎಂದೇ?
– ಓದುಗರು, ಶಿರಸಿ

ಉತ್ತರ: ಅಲ್ಲ. ಇಲ್ಲಿ ಅಂಕ ಏರಿದಷ್ಟೂ ಡೊಂಕು ಹೆಚ್ಚು. ಇದು ಜಪಾನಿನಲ್ಲಿ ರೂಪುಗೊಂಡ ಎಂ-ಚಾರ್ಟ್. ಮೊದಲು ತುಂಡಿಲ್ಲದ ಗೆರೆ ತೋರಿಸುತ್ತಾರೆ. ಅದು ನೆಟ್ಟಗೆ ಕಂಡರೆ ಅಂಕ 0. ಇಲ್ಲವಾದರೆ ಚುಕ್ಕೆಗಳ ಗೆರೆಗಳು, 0.2 ಡಿಗ್ರಿ ಅಂತರದಿಂದ 2.0ರವರೆಗೆ. ಚುಕ್ಕೆ ವಿರಳವಾದಂತೆ, ಪೊರೆಯಿಂದ ರೆಟಿನಾ ಸುಕ್ಕುಗಟ್ಟಿದ ಜಾಗದ ಮೇಲೆ ಬೀಳುವ ಚುಕ್ಕೆಗಳೂ ಕಡಿಮೆಯಾಗಿ, ಯಾವುದೋ ಹಂತದಲ್ಲಿ ಗೆರೆ ನೆಟ್ಟಗಾಗುತ್ತದೆ. ಆ ಅಂತರವೇ ಅಂಕ. ನಿಮಗೆ ಅಡ್ಡಗೆರೆ 0.6ರವರೆಗೂ ಸೊಟ್ಟಗಿತ್ತು, 0.7ಕ್ಕೆ ನೇರವಾಯಿತು. ಪೊರೆ ತೆಗೆಸಿಕೊಂಡರೆ ಆಮೇಲೂ ಇದೇ ಚಾರ್ಟಿನಲ್ಲಿ ಅಳೆಸಿ; ಅಕ್ಷರದ ಚಾರ್ಟನ್ನು ಸರಾಗ ಓದುವವರಿಗೂ ಡೊಂಕು ಉಳಿದಿರುವುದುಂಟು.